ಮೂಲೆ ಕತ್ತರಿಸಿದ ಕಾರ್ಡುಗಳು

ಅಂಚೆ ಕಾರ್ಡು ಕೈಗೆ ಬಂದರೆ ಓದುವುದಕ್ಕೆ ಮೊದಲು ಅದರ ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡುವುದು ನನಗೆ ಅಂಟಿಕೊಂಡ ಚಟ. ಯಾರು ಬರೆದರು, ಎಲ್ಲಿಂದ ಬಂತು, ಏನು ಸಮಾಚಾರ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಮೂಲೆಗಳ ತಪಾಸಣೆ ಆಗಬೇಕು. ವಿಜ್ಞಾನಿ ಎಂಬ ಹೆಸರಿನಲ್ಲಿ ಸಂಬಳ ಎಣಿಸುವ ಮನುಷ್ಯನಿಗೆ ಇದು ಶೋಭೆಯಲ್ಲವೆಂದು ನನ್ನ ಹೆಂಡತಿ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಾಳೆ. ಆದರೆ ನಮ್ಮ ಸೀಮೆಯ ರೂಢಿಯನ್ನು ಬಲ್ಲ ನೀವಾದರೂ ನನ್ನನ್ನು ಕ್ಷಮಿಸುತ್ತೀರಿ. ಸಾವಿನ ಸುದ್ದಿ ಹೊತ್ತ ಕಾರ್ಡಿನ ಒಂದು ಮೂಲೆಯನ್ನು ಕತ್ತರಿಸಿ ಕಳಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅಕ್ಷರ ಬಾರದವರಿಗೂ ಆ ಇಲ್ಲದ ಮೂಲೆ ಓದಲು ಬರುತ್ತದೆ. ಅಂಥ ಕಾರ್ಡನ್ನು ಹೊಸ್ತಿಲೊಳಗೆ ತರುವಂತಿಲ್ಲ. ಹೊರಗೇ ನಿಂತು ಓದಿಸಿಕೊಂಡು, ಹರಿದು ಚೆಲ್ಲಿ, ತಲೆಯ ಮೇಲೆ ನೀರು ಸುರುವಿಕೊಂಡು ಒಳಗೆ ಬರಬೇಕು. ಇಷ್ಟೆಲ್ಲ ಬಲ್ಲವನಾಗಿದ್ದೂ ನಾನು ಒಂದು ಶನಿವಾರ ಹನ್ನೊಂದು ಕಾರ್ಡುಗಳ ಮೂಲೆಯನ್ನು ನನ್ನ ಕೈಯಾರೆ ಕತ್ತರಿಸಿ, ಚೀಲದಲ್ಲಿಟ್ಟುಕೊಂಡು ಮಸ್ಕಿಯ ಮನೆಗೆ ಹೋದೆ. ಅದಕ್ಕೆ ಕಾರಣ ನನ್ನ ವಿದ್ವತ್ತು. ಆ ವಿದ್ವತ್ತಿನ ಕಥೆಯನ್ನು ತುಸು ಹೇಳದೆ ಗತ್ಯಂತರವಿಲ್ಲ.

ಎಂಬತ್ತರ ದಶಕದ ನಡುಭಾಗ. ದೂರದ ಪಟ್ಟಣದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದ ನನ್ನನ್ನು, ಆ ಭಾಗದ ಭಾಷೆ ಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ, ನಾರುಹುಣ್ಣಿನ ಅಧ್ಯಯನಕ್ಕೆಂದು ಲಿಂಗಸುಗೂರಿಗೆ ಎರಡು ವರ್ಷದ ಮಟ್ಟಿಗೆ ಅಟ್ಟಿದರು. ಈಗಿನ ಓದುಗರಿಗೆ ನಾರುಹುಣ್ಣೆಂದರೆ ಏನೆಂದು ವಿವರಿಸಬೇಕಾಗುತ್ತದೆ, ಹಾಗೆ ವಿವರಿಸಬೇಕಾಗಿ ಬಂದದ್ದೇ ನಮ್ಮ ಪುಣ್ಯ. ಮೆಟ್ಟಿಲಿಳಿದು ಕಾಲು ಅದ್ದಿ ತುಂಬಿಕೊಳ್ಳುವ ಬಾವಿಯ ನೀರಿನೊಡನೆ ಕಣ್ಣಿಗೆ ಕಾಣದ ಮರಿ ಹೊಟ್ಟೆಗೆ ಹೋಗಿ, ವರ್ಷ ಕಳೆಯುವಷ್ಟರಲ್ಲಿ ದಾರದಂಥ ಮೊಳದುದ್ದದ ಹುಳುವಾಗಿ ಬೆಳೆದು, ಬಿತ್ತನೆಯ ಹೊತ್ತಿಗೆ ಸರಿಯಾಗಿ ಕಾಲಿನ ಚರ್ಮ ಸೀಳಿಕೊಂಡು ತಲೆ ಹಾಕುತ್ತಿತ್ತು. ಅದಕ್ಕೆ ಔಷಧವಿರಲಿಲ್ಲ. ಹೊರಬಂದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಅರ್ಧ ಬೆರಳಿನಷ್ಟೇ ಎಳೆಯುತ್ತ, ವಾರಗಟ್ಟಲೆ ತಾಳಿಕೊಂಡು ತೆಗೆಯಬೇಕು. ಅವಸರಕ್ಕೆ ಎಳೆದು ಹುಳು ಹರಿಯಿತೋ, ಕಾಲು ಬಾತು ಮನುಷ್ಯ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದ.

ಗುರುಗುಂಟಾದಿಂದ ಆಚೆ ಒಂದು ಹಳ್ಳಿ. ಅಲ್ಲಿ ನಾರು ಸುತ್ತುವ ಕೈ ಎಂದರೆ ಊರಿಗೆಲ್ಲ ಅಜ್ಜನಾದ ನಿಂಗಪ್ಪ ಮುತ್ಯಾನದು. ಅವನ ಹತ್ತಿರ ನನ್ನನ್ನು ಕಳಿಸಿದವಳು ನನ್ನ ಸೋದರತ್ತೆ ಶಂಕ್ರಮ್ಮ. ತಾಯಿ ಇಲ್ಲದ ನನ್ನನ್ನು ಮಸ್ಕಿಯಲ್ಲಿಟ್ಟುಕೊಂಡು ಸಾಕಿದವಳು ಅವಳೇ. ಸಣ್ಣವಳಿದ್ದಾಗ ಆ ಹಳ್ಳಿಯಲ್ಲಿದ್ದ ಅವಳ ಹಿಮ್ಮಡಿಯಲ್ಲಿ ಎದ್ದ ನಾರನ್ನು ಇಪ್ಪತ್ತು ದಿನ ಕೂತು ತೆಗೆದವನು ಮುತ್ಯಾ. ಕಾಲಿನ ಗುರುತನ್ನು ತೋರಿಸುವಾಗೆಲ್ಲ ಅವಳು, "ಈ ಕಾಲಾಗ ನಡ್ಯಾಕತ್ತೀನಿ ಅಂದ್ರ ಅದು ಮುತ್ಯಾನ ಕಾಲು, ನಂದಲ್ಲ" ಎನ್ನುತ್ತಿದ್ದಳು.

ಮುತ್ಯಾನ ಗುಡಿಸಲಿಗೆ ಹೋದವನಿಗೆ ಮೊದಲು ಕಂಡದ್ದು ಗೋಡೆ. ಮಣ್ಣಿನ ಗೋಡೆಯ ತುಂಬ ಬೆರಳುದ್ದದ ತೊಗರಿ ಕಡ್ಡಿಗಳನ್ನು ಸಾಲಾಗಿ ಚುಚ್ಚಿದ್ದ. ದೃಷ್ಟಿ ತಾಗದಿರಲಿ ಎಂದು ಮಾಡಿದ ಏನೋ ಮಾಟವಿರಬೇಕೆಂದು, ವಿಜ್ಞಾನಿಗೆ ಸಹಜವಾದ ತಿರಸ್ಕಾರದಿಂದ ಒಂದು ಸಲ ನೋಡಿ ಮುಖ ತಿರುಗಿಸಿದೆ. ಮುತ್ಯಾ ನಕ್ಕ.

"ಅವು ನನ್ನ ಮಂದಿ ಅದಾರ ಡಾಕ್ಟರಪ್ಪಾ. ಒಂದೊಂದು ನಾರಿಗೆ ಒಂದೊಂದು ಕಡ್ಡಿ. ಮೂಡಲ ಗ್ವಾಡಿ ಮೆಟ್ಟಿಲಬಾವಿ ನೀರು ಕುಡದವರದು, ಬಾಗಲ ಮಗ್ಗಲಿಂದು ಕೆರಿ ನೀರಿಂದು. ಹಗ್ಗದ ಬಾವಿಯವರದು ನೋಡು, ಒಂದೂ ಇಲ್ಲ."

ಹುಳು ಪೂರ್ತಿ ಬಂದ ದಿನ, ಸುತ್ತಿದ ಕಡ್ಡಿಯನ್ನು ಬೂದಿಯಲ್ಲಿ ಒಣಗಿಸಿ ಆ ಮನೆಯ ಸಾಲಿನಲ್ಲಿ ಚುಚ್ಚುವುದು ಅವನ ತಂದೆಯ ಕಾಲದಿಂದ ಬಂದ ಕ್ರಮ. ಗೋಡೆ ಸಾರಿಸುವ ಹಬ್ಬ ಬಂದಾಗ ಅಷ್ಟೂ ಕಡ್ಡಿಗಳನ್ನು ಕಿತ್ತು, ಚಾಪೆಯ ಮೇಲೆ ಅದೇ ಸಾಲಿನಲ್ಲಿ ಹರವಿ, ಮಣ್ಣು ಆರಿದ ಮೇಲೆ ತಿರುಗಿ ಅಲ್ಲಲ್ಲೇ ಚುಚ್ಚುತ್ತಿದ್ದ. ಅದಕ್ಕಾಗಿ ಅವನ ಹೆಂಡತಿ ಪ್ರತಿ ಹಬ್ಬಕ್ಕೂ ಅವನೊಡನೆ ಜಗಳವಾಡುತ್ತಿದ್ದಳಂತೆ. ಯಾವ ಕಡ್ಡಿಯ ಮೇಲೆ ಬೆರಳಿಟ್ಟರೂ ಹೆಸರು, ಮನೆ, ಯಾವ ಮಳೆಯ ಮುಂದೆ ಕಾಲು ಹಿಡಿದದ್ದು, ಎಲ್ಲವನ್ನೂ ಓದಿ ಹೇಳುತ್ತಿದ್ದ. ಮೆಟ್ಟಿಲಬಾವಿಯ ಪಕ್ಕದಲ್ಲೇ ಇದ್ದ ಒಂದು ಮನೆಯ ಸಾಲು ಮಾತ್ರ ಖಾಲಿ ಇತ್ತು. ಕೇಳಿದರೆ, "ಆ ಮನ್ಯಾಗ ಅತ್ತಿ ಭಾಳ ಮಡಿ. ಸೀರಿ ಸೆರಗ ನಾಕ ಮಡಿಕಿ ಮಾಡಿ ನೀರು ಸೋಸದ ಹೊರತು ಕೊಡದಾಗ ಹಾಕಂಗಿಲ್ಲ" ಅಂದ. ನಾಲ್ಕು ತಿಂಗಳು ಆ ಗೋಡೆಯ ಮುಂದೆ ಕೂತು ನಾನು ಬರೆದುಕೊಂಡೆ. ಹಳ್ಳಿಯಲ್ಲಿ ಮನೆ ಮನೆ ಸುತ್ತಿ ತಾಳೆ ನೋಡಿದೆ. ಒಂದು ಕಡ್ಡಿಯೂ ಸುಳ್ಳು ಹೇಳಿರಲಿಲ್ಲ.

ನನ್ನ ಸಂಶೋಧನ ಲೇಖನವೆಂದರೆ ಆ ಗೋಡೆಯೇ. ಅದರಲ್ಲಿದ್ದ ರೇಖಾಚಿತ್ರ ಮೂಡಲ ಗೋಡೆಯ ನಕಲು. ಕರಡಿನ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ನಿಂಗಪ್ಪನ ಹೆಸರನ್ನೇ ಮೊದಲು ಬರೆದು, ಸಿಂಧನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಶಾಲೆ ಇಟ್ಟಿದ್ದ ಬಿಶ್ವಾಸ್ ಬಾಬುವಿಗೆ ಕೊಟ್ಟೆ. ಅವರು ಪೂರ್ವ ಬಂಗಾಳದ ನಿರಾಶ್ರಿತರಿಗೆಂದು ಕಟ್ಟಿಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ. ಆ ಸುತ್ತಿನಲ್ಲೆಲ್ಲ ಇಂಗ್ಲಿಷನ್ನು ತಪ್ಪಿಲ್ಲದೆ ಟೈಪು ಹೊಡೆಯುವ ಕೈ ಅವರೊಬ್ಬರದೇ. ಟೈಪಾದ ಪ್ರತಿಯನ್ನು ನೋಡಿದ ನಮ್ಮ ವಿಭಾಗದ ಮುಖ್ಯಸ್ಥರು ನಿಂಗಪ್ಪನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, "ನಾರು ಸುತ್ತುವವನು ಕೊಟ್ಟ ಮಾಹಿತಿ ಅಂದರೆ ಪತ್ರಿಕೆಯವರು ನಗುತ್ತಾರೆ ರೀ. 'ಸ್ಥಳೀಯ ಮಾಹಿತಿದಾರರು' ಅಂತ ಹಾಕಿ, ಸಾಕು" ಎಂದರು. ನಾನು ವಾದಿಸಿದೆ, ಹೋರಾಡಿದೆ, ಕಡೆಗೆ ಸೋತೆ ಎಂದು ಬರೆಯಲು ಈಗ ಎಷ್ಟು ಆಸೆಯಾಗುತ್ತಿದೆ ಗೊತ್ತೇ! ಆದರೆ ನಡೆದದ್ದು ಅದಲ್ಲ. "ಹೌದು ಸಾರ್" ಎಂದೆ. ಬಿಶ್ವಾಸ್ ಬಾಬು ಆ ಪುಟವನ್ನು ಮತ್ತೆ ಟೈಪು ಹೊಡೆದರು. ಮುಖ್ಯಸ್ಥರು, ಜೀಪಿನ ಚಾಲಕ, ಬಿಶ್ವಾಸ್ ಬಾಬು, ಎಲ್ಲರ ಹೆಸರೂ ಅದರಲ್ಲಿ ಉಳಿದವು. ಗೋಡೆಯ ಒಡೆಯನದು ಮಾತ್ರ ಹೋಯಿತು.

ಲೇಖನ ವಿದೇಶದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಶುರುವಾಯಿತು ಕಾರ್ಡುಗಳ ಸುರಿಮಳೆ. ಝೆರಾಕ್ಸ್ ಸುಲಭವಿಲ್ಲದ ಆ ಕಾಲದಲ್ಲಿ, ಲೇಖನ ಬೇಕಾದವರು ಲೇಖಕನಿಗೇ ಒಂದು ಕಾರ್ಡು ಬರೆದು, 'ನಿಮ್ಮ ಅಮೂಲ್ಯ ಲೇಖನದ ಅಚ್ಚುಪ್ರತಿಯೊಂದನ್ನು ದಯಮಾಡಿ ಕಳಿಸಿ' ಎಂದು ಕೇಳುವುದು ವಿಜ್ಞಾನಿಗಳ ಶಿಷ್ಟಾಚಾರವಾಗಿತ್ತು. ಆ ವಾಕ್ಯವನ್ನು ಅವರು ಮೊದಲೇ ಅಚ್ಚು ಹಾಕಿಸಿಟ್ಟಿರುತ್ತಾರೆ, ಖಾಲಿ ಜಾಗದಲ್ಲಿ ನಮ್ಮ ಹೆಸರನ್ನಷ್ಟೇ ತುಂಬುತ್ತಾರೆ ಎಂಬುದನ್ನು ಗಮನಿಸಿದ ಮೇಲೂ 'ಅಮೂಲ್ಯ' ಎಂಬ ಮಾತು ನನಗೆ ಖಾಸಾ ನನಗಾಗಿ ಬರೆದಂತೆಯೇ ಕಾಣುತ್ತಿತ್ತು. ಲಿಂಗಸುಗೂರಿನ ಬಾಡಿಗೆ ಕೋಣೆಯಲ್ಲಿ ಕಾರ್ಡುಗಳನ್ನು ಹಾಸಿಗೆಯ ಮೇಲೆ ಹರವಿ, ದೇಶವಾರು ಜೋಡಿಸಿ ನೋಡುವುದು ನನ್ನ ಸಂಜೆಯ ಸಂಧ್ಯಾವಂದನೆಯಾಯಿತು. ಬಿಶ್ವಾಸ್ ಬಾಬುವಿನ ಮಗಳಿಗೆ ಅಂಚೆಚೀಟಿ ಕೂಡಿಸುವ ಹುಚ್ಚು. ನೀರಿನಲ್ಲಿ ನೆನೆಸಿ ಚೀಟಿ ಬಿಡಿಸುವಷ್ಟು ತಾಳ್ಮೆ ಯಾರಿಗಿದೆ? ಕತ್ತರಿ ತೆಗೆದುಕೊಂಡು ಚೀಟಿಯಿದ್ದ ಮೂಲೆಯನ್ನೇ ಕಚಕಚ ಕತ್ತರಿಸಿ ಲಕೋಟೆಗೆ ತುಂಬಿದೆ. ಮೂಲೆ ಹೋದ ಹನ್ನೊಂದು ಕಾರ್ಡುಗಳನ್ನು ಒಗೆಯುವ ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಶನಿವಾರದ ಬಸ್ಸಿಗೆ ಮಸ್ಕಿಗೆ ಹೊರಟೆ. ನಾಳೆ ಅಲ್ಲಿಂದ ಸಿಂಧನೂರಿಗೆ ಹೋಗಿ ಚೀಟಿ ಕೊಟ್ಟು ಬರಬೇಕೆಂದು ಲೆಕ್ಕ ಹಾಕಿದ್ದೆ.

ಮನೆಯಲ್ಲಿ ಚೀಲವಿಟ್ಟು ಬಜಾರಕ್ಕೆ ಹೋಗಿ ಬಂದು ನೋಡಿದರೆ ಬಾಗಿಲಲ್ಲಿ ಮಂದಿ. ಅತ್ತೆ ಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲಿ, ಬಿಚ್ಚಿದ ಕೂದಲಿನಲ್ಲಿ ಕೂತಿದ್ದಾಳೆ. ಮಾಡಿದ ಅಡುಗೆ ದನದ ಬಾನಿಗೆ ಸೇರಿದೆ. ಒಗೆಯಲೆಂದು ಚೀಲ ತೆಗೆದವಳ ಕೈಗೆ ಹನ್ನೊಂದು ಸಾವು ಒಟ್ಟಿಗೇ ಸಿಕ್ಕಿದ್ದವು. ಕಾರ್ಡುಗಳು ಕಟ್ಟೆಯ ಕೆಳಗೆ ಕಲ್ಲು ಹೇರಿಸಿಕೊಂಡು ಬಿದ್ದಿದ್ದವು.

"ಅಲ್ಲೇ ನಿಂದ್ರು! ಒಳಗ ಕಾಲಿಡಬ್ಯಾಡ" ಎಂದು ಅತ್ತೆ ಚೀರಿದಳು. "ಹನ್ನೊಂದು ಮಂದಿ ಹೋಗ್ಯಾರ, ಬಾಯಿ ಬಿಟ್ಟು ಒಂದು ಮಾತು ಹೇಳ್ದ ಬಜಾರಕ್ಕ ಹೋಗಿಯಲ್ಲೋ! ಯಾರ್ಯಾರು ಹೋದರು ಹೇಳು ಮೊದಲ."

"ಯಾರೂ ಸತ್ತಿಲ್ಲ ಅತ್ತಿ. ಬ್ಯಾರೆ ದೇಶದವರು ನನ್ನ ಲೇಖನ ಕೇಳಿ ಬರದಾರ. ಸ್ಟಾಂಪಿನ ಸಲುವಾಗಿ ನಾನೇ ಮೂಲಿ ಕತ್ತರಿಸೀನಿ."

"ಥೂ, ನಿನ್ನ ಓದಿಗಿಷ್ಟು ಬೆಂಕಿ ಹಚ್ಚ! ಬದುಕಿದ್ದವರ ಕಾಗದದ ಮೂಲಿ ಯಾರರೆ ಕತ್ತರಿಸ್ತಾರೇನಲೇ?"

ನೆರೆದ ಮಂದಿ ನಗಬೇಕೋ ಬಯ್ಯಬೇಕೋ ತಿಳಿಯದೆ, ಎರಡನ್ನೂ ಅಷ್ಟಷ್ಟು ಮಾಡಿ ಚೆದುರಿದರು. ಅತ್ತೆಯ ಸಿಟ್ಟು ಇಳಿಯುತ್ತ ಬಂದಂತೆ ಕುತೂಹಲ ಏರಿತು. ಅಷ್ಟು ದೇಶದವರು ಬೇಡಿ ಬರೆಯುವಂಥದ್ದು ನಾನೇನು ಬರೆದಿದ್ದೇನೆಂದು ಕೇಳಿದಳು. ನಾರಿನದೆಂದೆ. ಮುತ್ಯಾನ ಗೋಡೆಯ ಲೆಕ್ಕವನ್ನೇ ಇಟ್ಟುಕೊಂಡು ಬರೆದದ್ದೆಂದೆ. ಅವಳ ಮುಖ ಅರಳಿತು.

"ಹೌದಾ! ಹಂಗಾರ ಮುತ್ಯಾನ ಹೆಸರು ಅಷ್ಟೂ ದೇಶಕ್ಕ ಹೋಗೈತಿ ಅನ್ನು."

ಸುಳ್ಳು ಹೇಳಬಹುದಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಅದೇ ಕಾಲನ್ನು ಕೆಳಗೆ ಇಳಿಬಿಟ್ಟು ಕೂತಿದ್ದಳಲ್ಲ, ಸುಳ್ಳಿಗೆ ನಾಲಿಗೆ ಏಳಲಿಲ್ಲ. "ಹೆಸರು ಹಾಕಿಲ್ಲ ಅತ್ತಿ" ಎಂದೆ. ಅವಳು ಎದ್ದು ಕೂದಲು ಕಟ್ಟಿಕೊಂಡಳು.

"ಹಂಗಾರ ಮೂಲಿ ಕತ್ತರಿಸಿದ್ದು ಬರೋಬರಿ ಆಗೈತಿ ತಗೋ. ಒಬ್ಬನಂತೂ ಸತ್ತಾನ."

ಅಷ್ಟು ಹೇಳಿ, ನನ್ನ ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರುವಿಯೇ ಒಳಗೆ ಕರೆದುಕೊಂಡಳು. ಮೈ ಒರೆಸಿಕೊಳ್ಳುತ್ತ, ಮುಂದಿನ ವಾರವೇ ಪತ್ರಿಕೆಗೆ ಬರೆದು ಇದನ್ನು ಸರಿಪಡಿಸಬೇಕೆಂದು ನಿಶ್ಚಯಿಸಿದೆ. ಆ ಮುಂದಿನ ವಾರ ಬರಲು ಏಳೆಂಟು ವರ್ಷ ಹಿಡಿಯಿತು.

ಏಕೆಂದರೆ ಅಷ್ಟರಲ್ಲಿ ನನಗೆ ಇನ್ನೊಂದು ವ್ಯಾಧಿ ಹತ್ತಿತ್ತು. ಕಾಲೇಜಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಒಂದು ಮಹಾಗ್ರಂಥದ ಪರಿಚಯವಾಯಿತು. ಯಾವ ವಿಜ್ಞಾನಿಯ ಲೇಖನವನ್ನು ಜಗತ್ತಿನಲ್ಲಿ ಯಾರ್ಯಾರು ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆಂದು ಇರುವೆ ಗಾತ್ರದ ಅಕ್ಷರಗಳಲ್ಲಿ ಪಟ್ಟಿ ಮಾಡುವ ಸೂಚಿ ಅದು. ಎರಡು ಕೈಯಲ್ಲಿ ಎತ್ತಿದರೂ ಸೊಂಟ ಉಳುಕಬೇಕು. ಶನಿವಾರ ಮಧ್ಯಾಹ್ನ ಭೂತಗನ್ನಡಿ ಹಿಡಿದುಕೊಂಡು ನನ್ನಂತೆ ಪಾಟೀಲರೆಂಬ ಹೆಸರು ಹೊತ್ತವರ ಕಾಡಿನಲ್ಲಿ ನನ್ನನ್ನು ನಾನು ಹುಡುಕುತ್ತಿದ್ದೆ. ಆತ್ಮಶೋಧನೆ ಎಂದರೆ ಇದೇ ಇರಬೇಕು! ಒಂದು ವರ್ಷ ನನ್ನ ಹೆಸರಿನ ಕೆಳಗೆ ಉಲ್ಲೇಖಗಳು ಧಾರಾಳವಾಗಿ ಬೆಳೆದದ್ದನ್ನು ಕಂಡು ವಿಭಾಗಕ್ಕೆಲ್ಲ ಚಹಾ ಹಾಕಿಸಿದೆ. ಅವು ಕುರಿಯ ಜೀರ್ಣಶಕ್ತಿಯನ್ನು ಕುರಿತು ಬರೆಯುವ ಇನ್ನೊಬ್ಬ ಪಾಟೀಲರವೆಂದು ಆಮೇಲೆ ತಿಳಿಯಿತು. ಚಹಾ ಕುಡಿದವರು ಯಾರೂ ಅದನ್ನು ಮರೆಯಲಿಲ್ಲ. ನನ್ನ ನಿಜವಾದ ಉಲ್ಲೇಖಗಳು ನಾರಿನ ಆ ಒಂದು ಲೇಖನದವು ಮಾತ್ರ. ಉಳಿದ ಲೇಖನಗಳನ್ನು ಉಲ್ಲೇಖಿಸಿದ ಏಕೈಕ ಮಹನೀಯ ನಾನೇ. ಆ ಒಂದು ಲೇಖನದ ಮೇಲೆಯೇ ನನ್ನ ಬಡ್ತಿ ನಿಂತಿತ್ತು. ಅದರಲ್ಲಿರುವುದು ಒಬ್ಬ ಹಳ್ಳಿಗನ ಗೋಡೆ ಎಂದು ನಾನೇ ಬರೆದು ಒಪ್ಪಿಕೊಂಡರೆ ಉಳಿಯುವುದೇನು? ಅದಕ್ಕೇ ಸುಮ್ಮನಿದ್ದೆ.

ತೊಂಬತ್ತರ ದಶಕ ಬಂತು. ಹಳ್ಳಿಹಳ್ಳಿಗೂ ಕೈಪಂಪು ಬಂದು, ಮೆಟ್ಟಿಲಬಾವಿಗಳನ್ನು ಮುಚ್ಚಿಸಿ, ನೀರು ಸೋಸುವ ಬಟ್ಟೆ ಹಂಚಿ, ನಾರು ಹೋಗುತ್ತ ಬಂತು. ಅದರೊಡನೆ ನನ್ನ ಉಲ್ಲೇಖಗಳೂ ಹೋದವು. ಬಡ್ತಿಯ ಸಂದರ್ಶನದಲ್ಲಿ ಕನ್ನಡಕದ ಹಿರಿಯರೊಬ್ಬರು ಹಾಳೆ ತಿರುವುತ್ತ, "ಈಚೆಗೆ ನಿಮ್ಮ ಲೇಖನವನ್ನು ಯಾರೂ ಉಲ್ಲೇಖಿಸುತ್ತಿಲ್ಲವಲ್ಲ?" ಎಂದರು. ನಾನು ತಲೆ ತಗ್ಗಿಸಿದೆ. ಬಡ್ತಿ ಕುರಿಯ ಪಾಟೀಲರಂಥ ಇನ್ನಾರಿಗೋ ಹೋಯಿತು.

ಆ ದುಃಖವನ್ನು ಹೊತ್ತುಕೊಂಡು ಮಸ್ಕಿಗೆ ಹೋದರೆ ಅತ್ತೆಗೆ ಅದು ಅರ್ಥವಾಗಲಿಲ್ಲ, ಆದರೆ ಒಂದು ಮಾತು ಹೇಳಿದಳು: "ನಿಂಗಪ್ಪ ಮುತ್ಯಾನೂ ಹಿಂಗ ಕುಂತಾನಂತ. ಅವನ ಕಡಿಗೂ ಯಾರೂ ಬರವಲ್ರು. ಭಾಳ ವಯಸ್ಸಾಗೈತಿ, ಹೋಗಿ ಒಮ್ಮೆ ಮಾರಿ ತೋರಿಸಿ ಬಾ."

ಮರುದಿನವೇ ಗುರುಗುಂಟಾದ ಬಸ್ಸು ಹಿಡಿದೆ. ಮುತ್ಯಾನ ಬೆನ್ನು ಬಾಗಿತ್ತು, ಕಣ್ಣು ಮಂಜಾಗಿದ್ದವು. ಗೋಡೆ ಹಾಗೆಯೇ ಇತ್ತು. ಹೊಸ ಕಡ್ಡಿ ಇರಲಿಲ್ಲ.

"ಎರಡು ಬಿತ್ತಿಗಿ ಆದವು ನೋಡಪಾ, ಒಬ್ಬರೂ ಕಾಲು ಹಿಡಕೊಂಡು ಬಂದಿಲ್ಲ" ಎಂದ. "ಮುಂಜಾನಿ ಎದ್ದು ಕಡ್ಡಿ ಕೆತ್ತತೀನಿ, ರೂಢಿ ಬಿಡಂಗಿಲ್ಲ. ಮುದಿಕಿ ಅವನ್ನ ಒಲಿಗೆ ಹಾಕತಾಳ."

"ಬ್ಯಾಸರ ಆಗ್ತೈತೇನು ಮುತ್ಯಾ?"

"ಬ್ಯಾಸರ ಯಾಕ? ಈಗ ಹುಡುಗೂರು ಬಿತ್ತಿಗಿ ದಿನ ಓಡ್ಯಾಡತಾವ. ನನ್ನ ಗ್ವಾಡಿ ಖಾಲಿ ಬಿದ್ದರ ನನಗ ಮಾನ ಅದು. ಅಷ್ಟು ತಿಳಿಯಂಗಿಲ್ಲೇನು ನಿನಗ, ಡಾಕ್ಟರ್ ಆಗಿ?"

ಸಂದರ್ಶನದಲ್ಲಿ ನನ್ನ ಬಾಯಿಗೆ ಬಾರದ ಉತ್ತರ ಇಲ್ಲಿತ್ತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಹೆಸರು ತೆಗೆದದ್ದನ್ನು ಅಲ್ಲೇ ಹೇಳಿಬಿಟ್ಟೆ. ಕೆಂಪು ಗೆರೆ ಎಳೆದವರು ಬೇರೆಯವರಾದರೂ 'ಹೌದು' ಎಂದವನು ನಾನೇ ಎಂಬುದನ್ನೂ ಬಿಡದೆ ಹೇಳಿದೆ. ಮುತ್ಯಾ ನಗುತ್ತಾನೆ, 'ಇರಲಿ ಬಿಡು' ಎನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಹಾಗನ್ನಲಿಲ್ಲ.

"ನಾ ಒಂದು ಕಡ್ಡಿನೂ ಹೆಸರಿಲ್ದ ಚುಚ್ಚಿಲ್ಲ ತಮ್ಮಾ" ಎಂದ ಅಷ್ಟೇ.

ಅಂದೇ ಸಿಂಧನೂರಿಗೆ ಹೋದೆ. ತಿದ್ದುಪಡಿ ನಾಲ್ಕು ಸಾಲಿನದು: ಆ ಲೇಖನದ ರೇಖಾಚಿತ್ರಕ್ಕೆ ಆಧಾರವಾದ ಸಂಗ್ರಹವನ್ನು ಹಲವು ದಶಕಗಳಿಂದ ಮಾಡಿ ಕಾಪಾಡಿದವರು ನಿಂಗಪ್ಪ ಎಂಬವರು, ಅವರ ಹೆಸರನ್ನು ಬಿಟ್ಟದ್ದು ನನ್ನ ತಪ್ಪು, ಅವರಿಗೆ ಬರೆಯುವವರು ಮಸ್ಕಿಯ ಈ ವಿಳಾಸಕ್ಕೆ ಬರೆಯಬಹುದು. ಬಿಶ್ವಾಸ್ ಬಾಬು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, "ಈ ಹೆಸರು ನಾ ಒಮ್ಮೆ ಹೊಡದೀನಲ್ರೀ ಸರ್. ಆಮ್ಯಾಲ ತೆಗಿಸಿದ್ರಿ" ಎಂದರು. ಹೌದೆಂದೆ. "ಪಟ್ಟಿಯಾಗಿಂದ ಹೆಸರು ಬಿಟ್ಟುಹೋದ್ರ ಏನಾಗ್ತದ ಅನ್ನೋದು ನಮ್ಮ ಕ್ಯಾಂಪಿನವರಿಗೆ ಗೊತ್ತೈತ್ರಿ" ಎಂದು, ನಿಂಗಪ್ಪನ ಹೆಸರನ್ನು ನಾನು ಹೇಳದಿದ್ದರೂ ದೊಡ್ಡಕ್ಷರಗಳಲ್ಲೇ ಹೊಡೆದರು.

ಪತ್ರಿಕೆಯವರು ಅದನ್ನು ಕೊನೆಯ ಪುಟದ ಕೆಳತುದಿಯಲ್ಲಿ ಅಚ್ಚುಹಾಕಿದರು. ನಮ್ಮ ಮುಖ್ಯಸ್ಥರು ನನ್ನೊಡನೆ ಮಾತು ಬಿಟ್ಟರು. ಬಡ್ತಿ ಬಹಳ ತಡವಾಗಿ, ಕೂದಲು ನರೆತದ್ದನ್ನೇ ಅರ್ಹತೆಯೆಂದು ಎಣಿಸಿದ ಕಾಲಕ್ಕೆ ಬಂತು. ಆ ತಿದ್ದುಪಡಿಯನ್ನು ಉಲ್ಲೇಖಿಸಿದವರು ಯಾರಾದರೂ ಇದ್ದಾರೆಯೇ ಎಂದು ಸೂಚಿಯಲ್ಲಿ ಹುಡುಕಲು ಹೋಗಲಿಲ್ಲ. ಸೊಂಟಕ್ಕೂ ವಯಸ್ಸಾಗಿತ್ತು.

ಒಂದು ಸಲ ಮಸ್ಕಿಗೆ ಹೋದಾಗ ಅತ್ತೆ ಬಾಗಿಲಲ್ಲೇ ನಿಂತು ಕಾರ್ಡೊಂದನ್ನು ಮುಂದೆ ಹಿಡಿದಳು. "ಯಾರೂ ಸತ್ತಿಲ್ಲ. ನಾಕೂ ಮೂಲಿ ಮುಟ್ಟಿ ನೋಡೀನಿ" ಎಂದಳು. ಆಫ್ರಿಕಾ ಖಂಡದ ಒಂದು ಊರಿನ ಆಸ್ಪತ್ರೆಯಿಂದ ಬಂದ ಕಾರ್ಡು ಅದು. ಮೂಲೆಯಲ್ಲಿ ಬಣ್ಣದ ಹಕ್ಕಿಯ ಅಂಚೆಚೀಟಿ. ಅಚ್ಚಿನ ವಾಕ್ಯವಲ್ಲ, ಕೈಬರಹ. 'ಮಾನ್ಯ ಡಾಕ್ಟರ್ ನಿಂಗಪ್ಪ ಅವರಿಗೆ, ನಮ್ಮಲ್ಲಿ ಈ ರೋಗ ಇನ್ನೂ ಇದೆ. ನಿಮ್ಮ ಕೆಲಸದ ಒಂದು ಪ್ರತಿಯನ್ನು ದಯಮಾಡಿ ಕಳಿಸುವಿರಾ?'

ಕತ್ತರಿಯ ನೆನಪನ್ನೂ ಮಾಡಿಕೊಳ್ಳದೆ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಹಳ್ಳಿಗೆ ಹೋದೆ. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಕಾರ್ಡನ್ನು ಓದಿ ಹೇಳಿದೆ. ಮುತ್ಯಾ ಅದನ್ನು ಈಸಿಕೊಂಡು, ಹಕ್ಕಿಯ ಮೇಲೆ ಬೆರಳಾಡಿಸಿ, ತನ್ನ ಹೆಸರು ಎಲ್ಲಿದೆಯೆಂದು ಕೇಳಿದ. ತೋರಿಸಿದೆ. ಆ ಅಕ್ಷರಗಳ ಮೇಲೂ ಬೆರಳಾಡಿಸಿದ.

"ಅಲ್ಲಿ ಮಂದಿಗೆ ನಾರು ಇನ್ನಾ ಐತೇನು?"

"ಐತಿ ಮುತ್ಯಾ."

"ಅಯ್ಯ ಪಾಪ! ಏನು ಕಳಸು ಅಂತಾರ?"

"ನೀ ಮಾಡಿದ್ದನ್ನ ಕಳಸು ಅಂತಾರ."

ಅವನು ಗೋಡೆ ಹಿಡಿದು ಎದ್ದ. ಮೂಡಲ ಸಾಲಿನ ಮೇಲೆ ಕೈಯಾಡಿಸುತ್ತ, ಕಣ್ಣಿಗಿಂತ ಬೆರಳನ್ನೇ ನಂಬಿ ಹೋಗಿ, ತುದಿಯಲ್ಲಿದ್ದ ಕಡ್ಡಿಯೊಂದನ್ನು ಮೆಲ್ಲಗೆ, ಹುಳು ಹರಿಯದಂತೆ ಎಳೆಯುವ ಅದೇ ಕೈಯಿಂದ, ಎಳೆದು ತೆಗೆದ. ನನ್ನ ಅಂಗೈಯಲ್ಲಿಟ್ಟ.

"ಇದು ಕಡೀ ಕಡ್ಡಿ. ಕುಂಬಾರ ಸಾಬವ್ವಂದು. ಇದಾದ ಮ್ಯಾಲ ಈ ಊರಾಗ ಯಾರಿಗೂ ನಾರು ಬಂದಿಲ್ಲ ಅಂತ ಬರಿ. ಸೆರಗ ನಾಕ ಮಡಿಕಿ ಮಾಡಿ ನೀರು ಸೋಸ್ರಿ ಅಂತ ಬರಿ. ಸಾಬವ್ವನ ಹೆಸರು ಬಿಡಬ್ಯಾಡ."

ಬಿಡಲಿಲ್ಲ. ಕಡ್ಡಿಯನ್ನು ಹತ್ತಿಯಲ್ಲಿ ಸುತ್ತಿ, ಹೆಸರು ಬರೆದು, ಆ ವಾರವೇ ಅಂಚೆಗೆ ಹಾಕಿದೆ. ಅವನು ಕಡ್ಡಿ ಕೊಟ್ಟ ಆ ದಿನ, ಗೋಡೆಯಲ್ಲಿ ಅದಿದ್ದ ತೂತು ಖಾಲಿಯಾಗಿತ್ತು. ಮುತ್ಯಾ ಆ ಕಾರ್ಡನ್ನು ಅಲ್ಲಿ ಸಿಕ್ಕಿಸಲು ನೋಡಿದ. ತೂತು ಸಣ್ಣದು, ಕಾರ್ಡಿನ ಮೂಲೆ ಮಡಚಿದರೆ ಮಾತ್ರ ಹೋಗುವಂತಿತ್ತು. ಅತ್ತೆ, "ತಡಿ ಮುತ್ಯಾ, ಮೂಲಿ ಮಡಚಬ್ಯಾಡ" ಎಂದು ಅವನ ಕೈ ಹಿಡಿದಳು. ಆಮೇಲೆ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಕಾರ್ಡಿನ ನಡುವಿಗೆ ಸುತ್ತಿ, ಅದನ್ನು ಸಾಲಿನ ಮೊದಲ ಕಡ್ಡಿಗಳಲ್ಲಿ ಒಂದಕ್ಕೆ ತೂಗುಹಾಕಿದಳು. ಅದು ಯಾರ ಹಿಮ್ಮಡಿಯ ನಾರಿನ ಕಡ್ಡಿಯೆಂದು ನಾನು ಕೇಳಬೇಕಾಗಿರಲಿಲ್ಲ. ಹೊರಡುವ ಮುನ್ನ ಕಾರ್ಡಿನ ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿ ನೋಡಿದೆ. ನಾಲ್ಕೂ ಇದ್ದವು.